ಆಮ್ಸ್ಟೆಲ್‌ವೀನ್‌ನಲ್ಲಿ ದೊಡ್ಡಮ್ಮನ ಆಫ್ರಿಕಾ

ನನ್ನ ದೊಡ್ಡಮ್ಮನಿಗೆ ದೆವ್ವ ಹಿಡಿದಿತ್ತು. ಅದೂ ಊರ ದೆವ್ವವಲ್ಲ, ಇಂಗ್ಲಿಷ್ ದೆವ್ವ! ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಅಪ್ಪ ಅಮ್ಮನ ಆರೈಕೆ ಮಾಡುತ್ತಲೇ ಯೌವನ ಕಳೆದು, ಅವರಿಬ್ಬರೂ ತೀರಿಕೊಂಡ ಮೇಲೆ ಕರಿ ಲಂಗ ತೊಟ್ಟು, ಕೊಡೆ ಹಿಡಿದು ಒಬ್ಬಳೇ ಆಫ್ರಿಕಾಕ್ಕೆ ಹೊರಟುಬಿಟ್ಟ ಹೆಂಗಸು. ಮೈಸೂರಿನಲ್ಲಿ ಭೂಗೋಳದ ಟೀಚರಾಗಿದ್ದ ದೊಡ್ಡಮ್ಮ ಯಾವ ಖಂಡದ ಪಾಠ ಮಾಡಿದರೂ ಆ ಹೆಂಗಸು ಬಂದೇ ಬರುತ್ತಿದ್ದಳಂತೆ.

ತೊಂಬತ್ತರ ದಶಕದ ಕೊನೆಗೆ ದೊಡ್ಡಮ್ಮ ಹಾಲೆಂಡಿಗೆ, ಆಮ್ಸ್ಟೆಲ್‌ವೀನ್‌ನ ನಮ್ಮ ಮನೆಗೆ ಬಂದರು. ಮಾರನೆಯ ದಿನವೇ ಶೋಧನೆ ಶುರು!

"ಬರಿಗೈಯಲ್ಲಿ ಬಂದವರನ್ನ ಜನ ನಂಬಲ್ಲ ಕಣೋ. ಅವಳು ಬಟ್ಟೆ, ಹೊಗೆಸೊಪ್ಪು ಹಿಡ್ಕೊಂಡು ವ್ಯಾಪಾರಿಯಾಗೇ ಕಾಡಿಗೆ ಹೋಗಿದ್ದು," ಎಂದವರೇ ಕೋಡುಬಳೆ ಡಬ್ಬದೊಂದಿಗೆ ಪಕ್ಕದ ಮನೆಯ ಬೆಲ್ ಒತ್ತಿದರು. ಹೆತ್ತ ಮಗನೂ ಮೊದಲೇ ದಿನ ಗೊತ್ತುಮಾಡಿಕೊಂಡು ಬರುವ ದೇಶದಲ್ಲಿ! ಆ ಮನೆಯ ಡಚ್ ಅಜ್ಜಿ ದಂಗಾದರೂ ಕಾಫಿ ಕೊಟ್ಟರು. ಬಿಸ್ಕತ್ತಿನ ಡಬ್ಬ ಬಂತು, ದೊಡ್ಡಮ್ಮ ಒಂದು ತೆಗೆದುಕೊಂಡರು, ಟಪ್ ಎಂದು ಮುಚ್ಚಳ ಬಿತ್ತು.

ದೊಡ್ಡಮ್ಮ ಇಂಗ್ಲಿಷಿನಲ್ಲಿ ಶುರುಮಾಡಿದರು: "ಇಲ್ಲಿಂದ ಹೋಗಿ ದಕ್ಷಿಣ ಆಫ್ರಿಕಾದಲ್ಲಿ ನೆಲೆಸಿದ ನಿಮ್ಮ ಜನ ಯುದ್ಧದಲ್ಲಿ ಇಂಗ್ಲಿಷರಿಗೆ ಸೆರೆಸಿಕ್ಕಾಗ, ಅವರ ಸೇವೆ ಮಾಡ್ತಾನೇ ಅವಳು ಜ್ವರ ಬಂದು ಸತ್ತಳು. ಆ ಪ್ರಾಣಕ್ಕೆ ಎರಡನೇ ಬಿಸ್ಕತ್ತಿನಷ್ಟೂ ಬೆಲೆ ಇಲ್ಲವೇ?"

ಅಜ್ಜಿ ಡಬ್ಬವನ್ನೇ ಮುಂದೆ ತಳ್ಳಿದರು. ನಾನು ಆಗ ಆಫೀಸಿನಲ್ಲಿದ್ದೆ ಅಂತಾಳೆ ನನ್ನ ಹೆಂಡತಿ. ಇರಬಹುದು. ಆದರೂ ಆ ಮುಚ್ಚಳದ ಸದ್ದು ನನ್ನ ಕಿವಿಯಲ್ಲಿದೆ, ಏನು ಮಾಡಲಿ?

ಇನ್ನೊಂದು ದಿನ ಸಂತೆಯಲ್ಲಿ ಒಬ್ಬ ಹಸಿ ಮೀನನ್ನು ಬಾಲ ಹಿಡಿದೆತ್ತಿ ಬಾಯಿಗಿಳಿಸುತ್ತಿದ್ದ. ಈರುಳ್ಳಿಯನ್ನೂ ಮುಟ್ಟದ ದೊಡ್ಡಮ್ಮ ಬಗ್ಗಿ ನೋಡಿದರು! "ನರಭಕ್ಷಕರು ಅಂತ ಲೋಕ ಹೆದರಿಸಿದವರ ಗುಡಿಸಲಲ್ಲಿ ಅವಳು ನಿದ್ದೆ ಮಾಡಿ ಬಂದಳು. ನಾನು ಇಷ್ಟಕ್ಕೆ ಕಣ್ಣು ಮುಚ್ಚಲಾ?"

ಇಷ್ಟೆಲ್ಲ ಸಹಿಸಿದೆ. ಆಮೇಲೆ ಬಂತು ಬಾಂಬು: "ಬಸ್ಸಲ್ಲಿ ಹಾರ್ಲೆಮ್ ಪಟ್ಟಣಕ್ಕೆ ಒಬ್ಬಳೇ ಹೋಗ್ತೀನಿ."

"ನಾನು ಕರಕೊಂಡು ಹೋಗ್ತೀನಲ್ಲ ದೊಡ್ಡಮ್ಮ."

"ಅವಳ ಜೊತೆ ತಂಗಿ ಮಗ ಹೋಗಿದ್ನಾ?"

"ನೀವು ಕಳೆದುಹೋದ್ರೆ ಅಮ್ಮನಿಗೆ ಏನು ಹೇಳಲಿ?"

"ಅರವತ್ತು ದಾಟಿದವಳಿಗೆ ತಂಗಿ ಅಪ್ಪಣೆ ಬೇರೆ ಬೇಕಾ?"

ದಿನಗಟ್ಟಲೆ ಜಗಳವಾಯಿತು. ಕೊನೆಗೆ ಒಪ್ಪಿದಂತೆ ನಟಿಸಿ, ಅವರು ಹತ್ತಿದ ಬಸ್ಸಿಗೇ ಹಿಂದಿನ ಬಾಗಿಲಿಂದ ಹತ್ತಿ, ಡಚ್ ಪೇಪರ್ ಅಡ್ಡ ಹಿಡಿದು ಕೂತೆ. ಆ ದಿನ ಬಿಸಿಲಿತ್ತೋ ಮಳೆಯಿತ್ತೋ ನೆನಪಿಲ್ಲ; ಹಾಲೆಂಡಿನಲ್ಲಿ ಯಾವ ಸುಳ್ಳು ಬರೆದರೂ ನಿಜವೇ! ಬಸ್ಸು ಹೊರಟಿತು. ಕಂಬ ಹಿಡಿದು ಹಿಡಿದು ದೊಡ್ಡಮ್ಮ ನನ್ನ ಬಳಿಗೇ ಬಂದರು.

"ಡಚ್ ಓದೋಕೆ ಯಾವಾಗ ಬಂತೋ ನಿನಗೆ?"

ನಗುತ್ತಾರೆಂದುಕೊಂಡೆ. ಪಕ್ಕದಲ್ಲಿ ಕೂತು ಸೆರಗು ಸರಿಮಾಡಿಕೊಂಡರು.

"ನಿಮ್ಮ ತಾತ, ಅಜ್ಜಿ ಹಾಸಿಗೆ ಹಿಡಿದಿದ್ದ ಕಾಲಕ್ಕೆ ನಾನು ಸೊಪ್ಪು ತರೋಕೆ ಹೋದ್ರೂ ಓಡ್ತಾ ಬರಬೇಕಿತ್ತು. ಎಲ್ಲಿದ್ದೆ, ಯಾಕೆ ತಡ ಅಂತ ಕೇಳೋರು. ಅವರು ಹೋದ ಮೇಲೂ ಓಡ್ತಾನೇ ಬರ್ತಿದ್ದೆ, ಅಭ್ಯಾಸ. ನಾನು ಎಲ್ಲಿದ್ದೀನಿ ಅಂತ ಯಾರಿಗೂ ಗೊತ್ತಿಲ್ಲದ ಒಂದು ಗಂಟೆ ನನಗೆ ಸಿಕ್ಕೇ ಇಲ್ಲ ಕಣೋ. ಇಳ್ಕೋ ಮರಿ."

ಮುಂದಿನ ಸ್ಟಾಪಿನಲ್ಲಿ ಇಳಿದೆ. ಬಸ್ಸು ಹೊರಟಾಗ ಅವರು ಕಿಟಕಿಯಿಂದ ಕೈಬೀಸಿದರು ಎಂದು ಬರೆಯುವ ಆಸೆ. ಬೀಸಲಿಲ್ಲ. ಅವರಾಗಲೇ ಆ ಕಡೆಯ ಕಿಟಕಿಯತ್ತ ತಿರುಗಿದ್ದರು.