ಪಕ್ಕದ ಮನೆಯ ಗುಂಯ್

ಕೇಳಿ ಸ್ವಾಮಿ, ನಾನು ಬಿಲ್ಡಪ್ ಕೊಡುವ ಆಸಾಮಿಯಲ್ಲ. ಆದರೆ ‘ಗುಂಯ್’ ಎಂಬ ಆ ಹಾಡಿಗೆ ನೀವೂ ತಲೆ ಕುಣಿಸಿದ್ದೀರಿ ತಾನೆ? ಅದರ ಹಿಂದಿನ ಕತೆ ಪೂರ್ತಿ ಗೊತ್ತಿರುವ ಗಂಡು ಈ ಭೂಮಿಯ ಮೇಲೆ ಒಬ್ಬನೇ. ಅವನ ಬಾಯಿಂದಲೇ ಈಗ ಕೇಳುತ್ತಿದ್ದೀರಿ, ಪುಣ್ಯವಂತರು. ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ಅರ್ಧ ಮೀಸೆ ಬೋಳಿಸಿಕೊಳ್ಳುತ್ತೇನೆ.

ಹೀರೋ ಹೆಸರು ಕೂದ್ಲು. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ. ಆದರೆ ಹನ್ನೊಂದು ವರ್ಷದ ರಾಕ್ ಸಂಗೀತದ ಬದುಕಿನಲ್ಲಿ ಅವನ ತಲೆಗೂದಲು ಬಿಟ್ಟರೆ ಬೇರೇನೂ ಬೆಳೆಯಲಿಲ್ಲವಾದ್ದರಿಂದ ಕಟ್ಟಡದವರೆಲ್ಲ ಹಾಗೇ ಕರೆಯುತ್ತಿದ್ದರು. ಅವನ ಮೊದಲ ಬ್ಯಾಂಡು ಹೆಸರಿಡುವ ಜಗಳದಲ್ಲೇ ಒಡೆಯಿತು. ಎರಡನೆಯದಕ್ಕೆ ಹೆಸರಿತ್ತು, ಡ್ರಮ್ಮಿರಲಿಲ್ಲ. ಮೂರನೆಯದರಲ್ಲಿ ನಾಲ್ಕು ಜನ. ನಾಲ್ವರೂ ಹಾಡುವವರು, ಬಾರಿಸುವವರಿಲ್ಲ. ಕೊನೆಗೆ ಗಿಟಾರ್ ಹಿಡಿದು ಇವನೊಬ್ಬನೇ ಉಳಿದ. ಮಗ ಏನು ಮಾಡುತ್ತಾನೆ ಎಂದು ಯಾರಾದರೂ ಕೇಳಿದರೆ ಅವನಮ್ಮ, “ಅದೇನೋ ಆಲ್ಟರ್ನೇಟಿವ್ ರಾಕ್ ಅಂತೆ. ಆಲ್ಟರ್ನೇಟಿವ್ ಇದಾದ್ರೆ ಮೇನ್ ಕೆಲ್ಸ ಯಾವ್ದು ಅಂತ ಇನ್ನೂ ಹೇಳಿಲ್ಲ” ಎನ್ನುತ್ತಿದ್ದರು.

ಆಮೇಲೆ ‘ಗುಂಯ್’ ಬಂತು. ನಾಲ್ಕನೇ ಮಹಡಿಯ ತನ್ನ ರೂಮಿನಲ್ಲಿ, ಗೋಡೆಗೆ ಹಳೆ ಹಾಸಿಗೆ ಒರಗಿಸಿ, ಅವನೇ ರೆಕಾರ್ಡ್ ಮಾಡಿದ ಹಾಡು. ಕೇಳಿದವರು ಗಿಟಾರನ್ನು ಹೊಗಳಲಿಲ್ಲ, ಗಂಟಲನ್ನಂತೂ ಇಲ್ಲವೇ ಇಲ್ಲ. ಹಾಡಿನ ಹಿಂದೆ ಉದ್ದಕ್ಕೂ ಗುಂಯ್ ಎಂದು ಒಂದು ನಾದ ಬರುತ್ತದಲ್ಲ, ಅದಕ್ಕೆ ಹುಚ್ಚಾದರು. ರೇಡಿಯೋದವರು ಅದು ಹೇಗೆ ಬಂತೆಂದು ಕೇಳಿದಾಗ ಕೂದ್ಲು ಕಣ್ಣು ಅರ್ಧ ಮುಚ್ಚಿ, “ಮೂರು ವರ್ಷದ ಸಾಧನೆ. ಅದು ಒಳಗಿಂದ ಬರುತ್ತೆ” ಎಂದಿದ್ದ.

ಒಳಗಿಂದ ಬಂದದ್ದು ನಿಜ. ಪಕ್ಕದ ಮನೆಯ ಒಳಗಿಂದ. ಅಲ್ಲಿ ರಿಟೈರಾದ ಭೂಗೋಳದ ಟೀಚರಮ್ಮ ಇದ್ದರು. ಅವರಿಗೊಂದು ಹಳೆ ಫ್ರಿಜ್ಜಿತ್ತು, ಅದು ಕೂದ್ಲುವಿನ ಗೋಡೆಗೇ ಬೆನ್ನು ಕೊಟ್ಟು ನಿಂತಿತ್ತು.

ಈಗ ರೆಕಾರ್ಡಿಂಗ್ ಕಂಪನಿಯ ದೊಡ್ಡ ಯಜಮಾನರು ಆ ನಾದ ಹುಟ್ಟುವ ಜಾಗವನ್ನು ಕಣ್ಣಾರೆ ಕಾಣಲು ಬರುತ್ತೇನೆಂದು ಹೇಳಿ ಕಳಿಸಿದ್ದರು. ದಿನ ಶನಿವಾರ, ಹೊತ್ತು ಸಾಯಂಕಾಲ ನಾಲ್ಕು ಗಂಟೆ. ಮೆಚ್ಚಿದರೆ ಆಲ್ಬಂ, ಹತ್ತು ಊರಿನ ಟೂರು. ಮೆಚ್ಚದಿದ್ದರೆ ಸೋಮವಾರದಿಂದ ಭಾವನ ಟೈಲ್ಸ್ ಅಂಗಡಿ. ಭಾವ ಸ್ಟೂಲು ತೆಗೆದಿಟ್ಟಿದ್ದರು. ಅವರದ್ದು ಒಂದೇ ಷರತ್ತು, ಕೂದಲು ಕತ್ತರಿಸಿಕೊಂಡು ಬರಬೇಕು.

ಶನಿವಾರ ಬೆಳಿಗ್ಗೆ ಕೂದ್ಲು ಎದ್ದಾಗ ಏನೋ ಕಳೆದುಹೋದ ಹಾಗಿತ್ತು. ಗೋಡೆಗೆ ಕಿವಿಯಿಟ್ಟ. ಸದ್ದಿಲ್ಲ. ಗಿಟಾರ್ ಮೀಟಿ ನೋಡಿದ. ಉಪ್ಪಿಲ್ಲದ ಸಾರಿನ ಹಾಗಿತ್ತು. ಲುಂಗಿಯಲ್ಲೇ ಪಕ್ಕದ ಮನೆಗೆ ಓಡಿದ.

ಟೀಚರಮ್ಮ ನಗುತ್ತ ಬಾಗಿಲು ತೆಗೆದರು. “ಬಾಪ್ಪ. ನಿನ್ ಹತ್ರ ಕ್ಷಮೆ ಕೇಳ್ಬೇಕು ಅಂತಿದ್ದೆ. ಮೂರು ವರ್ಷದಿಂದ ಆ ಗುಂಯ್ ನಿಂದೇ ಪ್ರಾಕ್ಟೀಸು ಅಂದ್ಕೊಂಡಿದ್ದೆ. ಹೋಗ್ಲಿ, ಹುಡುಗ ಮುಂದೆ ಬರ್ಲಿ ಅಂತ ಹಲ್ಲು ಕಚ್ಕೊಂಡಿದ್ದೆ. ಮೊನ್ನೆ ನೀನು ಅಕ್ಕನ ಮನೆಗೆ ಹೋದಾಗ್ಲೂ ಬರ್ತಿತ್ತು. ನೋಡಿದ್ರೆ ನಮ್ ಫ್ರಿಜ್ಜು. ನಿನ್ನೆ ರಿಪೇರಿ ಮಾಡಿಸ್ಬಿಟ್ಟೆ. ಅಷ್ಟು ದಿನ ನಿಂಗೆ ಸುಮ್ನೆ ಶಾಪ ಹಾಕಿದ್ನಲ್ಲೋ.”

ರಿಪೇರಿ ಮಾಡಿದವನು ಕೆಳಗಿನ ಅಂಗಡಿಯ ಮೆಕ್ಯಾನಿಕ್ಕು. ಅವನ ಬಗ್ಗೆ ಒಂದು ಮಾತು ಹೇಳಲೇಬೇಕು. ಅಂಥ ಕೈಚಳಕ, ಅಂಥ ನಡಿಗೆ, ಪೋಸ್ಟರಿಗೆ ಅಚ್ಚುಹಾಕಿಸುವಂಥ ಮೀಸೆ ಇನ್ನೊಬ್ಬನಿಗಿಲ್ಲ. ಅವನು ಸ್ಕ್ರೂಡ್ರೈವರ್ ಹಿಡಿದರೆ ಹಿನ್ನೆಲೆ ಸಂಗೀತ ತಾನಾಗಿ ಶುರುವಾಗಬೇಕು. ಇರಲಿ, ಕತೆಗೆ ಬರೋಣ.

ಫ್ರಿಜ್ಜು ಮೊದಲ ಬೆಂಚಿನ ಹುಡುಗನ ಹಾಗೆ ತೆಪ್ಪಗೆ ನಿಂತಿತ್ತು. ಟೀಚರಮ್ಮ ಒಳಗೆ ಹೋದ ಸಮಯ ನೋಡಿ ಕೂದ್ಲು ಅದನ್ನು ಅಲುಗಾಡಿಸಿದ. ಬಳಿಕ ಗುದ್ದಿದ. ಕೊನೆಗೆ ಒದ್ದ. ಫ್ರಿಜ್ಜಿಗೇನೂ ಆಗಲಿಲ್ಲ, ಕಾಲಿನ ಹೆಬ್ಬೆರಳು ಟೊಮೇಟೋ ಆಯಿತು. ಅದನ್ನು ಹಿಡಿದುಕೊಂಡು ಕುಣಿಯುತ್ತಿರುವಾಗಲೇ ಟೀಚರಮ್ಮ ಬಂದರು. ಭೂಗೋಳದ ಟೀಚರ ಮುಂದೆ ಎಷ್ಟು ಹೊತ್ತು ಸುಳ್ಳು ನಿಲ್ಲುತ್ತದೆ? ರೇಡಿಯೋದಲ್ಲಿ ಕೊಚ್ಚಿಕೊಂಡದ್ದು, ನಾಲ್ಕು ಗಂಟೆ, ಭಾವ, ಕತ್ತರಿ, ಎಲ್ಲ ಬಾಯಿಬಿಟ್ಟ.

ಬೈಯುತ್ತಾರೆಂದುಕೊಂಡರೆ ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿ ಮೆಟ್ಟಿಲ ಬಳಿ ನಿಂತು ಒಂದು ಕೂಗು ಹಾಕಿದರು. ಹತ್ತು ನಿಮಿಷದಲ್ಲಿ ಇಡೀ ಕಟ್ಟಡವೇ ಕೂದ್ಲುವಿನ ರೂಮಿನಲ್ಲಿತ್ತು. ಮೇಲಿನ ಮನೆಯ ಪೋಸ್ಟ್‌ಮಾಸ್ಟರು ಮಿಕ್ಸಿ ತಂದರು. ಟೈಲರ್ ಮೋಟಾರಿನ ಹೊಲಿಗೆ ಮೆಷಿನ್ ಹೊತ್ತು ತಂದ. ಅವನ ಹೆಂಡತಿ ಕೂದಲು ಒಣಗಿಸುವ ಡ್ರೈಯರ್ ತಂದಳು. ಟೀಚರಮ್ಮ ಕುರ್ಚಿ ಹಾಕಿ ಕೂತು ಒಂದೊಂದನ್ನೇ ಪರೀಕ್ಷೆ ಮಾಡಿದರು. ಮಿಕ್ಸಿ ಫೇಲು. ಹೊಲಿಗೆ ಮೆಷಿನ್‌ಗೆ ಮೂವತ್ತೈದು, ಬರೀ ಜಸ್ಟ್ ಪಾಸು. ಪೋಸ್ಟ್‌ಮಾಸ್ಟರು ಮಿಕ್ಸಿಗೆ ಅನ್ಯಾಯವಾಗಿದೆ, ಮರುಮೌಲ್ಯಮಾಪನ ಆಗಲೇಬೇಕೆಂದು ಪಟ್ಟು ಹಿಡಿದರು. ನಾಲ್ಕಕ್ಕೆ ಐದು ನಿಮಿಷ ಇರುವಾಗ, ಎಲ್ಲವನ್ನೂ ಒಟ್ಟಿಗೆ ಓಡಿಸಿದರೆ ಗುಂಯ್ ಆಗುತ್ತದೆಂದು ತೀರ್ಮಾನವಾಯಿತು. ಒಂದೇ ಬೋರ್ಡಿಗೆ ಎಲ್ಲ ಪ್ಲಗ್ಗು ಸಿಕ್ಕಿಸಿ ಕೂದ್ಲು ಸ್ವಿಚ್ ಒತ್ತಿದ.

ಪಟ್.

ಇಡೀ ಕಟ್ಟಡದ ಕರೆಂಟು ಹೋಯಿತು. ಲಿಫ್ಟೂ ನಿಂತಿತು. ಯಜಮಾನರು ಬಿಳಿ ಶೂ, ಕಪ್ಪು ಕನ್ನಡಕದಲ್ಲಿ ನಾಲ್ಕು ಮಹಡಿ ಹತ್ತಿ, ಏದುಸಿರು ಬಿಡುತ್ತ ಬಂದು ಆ ನಾದ ಎಲ್ಲಿ ಎಂದರು. ಕೂದ್ಲು ಬಾಯಿ ತೆರೆಯುವ ಮೊದಲೇ ಟೀಚರಮ್ಮ ನಿಜ ಹೇಳಿಬಿಟ್ಟರು. ಪಾಠ ಮಾಡಿದ ಬಾಯಿ, ಸುಮ್ಮನಿರುವುದಿಲ್ಲ. ಕೂದ್ಲುವಿಗೆ ಕಿವಿಯ ಪಕ್ಕದಲ್ಲೇ ಕತ್ತರಿಯ ಕಿಚಕಿಚ ಕೇಳಿಸಿತು.

ಯಜಮಾನರು ಕರ್ಚೀಫಿನಿಂದ ಬೆವರು ಒರೆಸಿಕೊಂಡು, “ಆ ಫ್ರಿಜ್ಜು ತೋರಿಸಿ” ಎಂದರು.

ಫ್ಯೂಸು ಸುಟ್ಟವರು ಯಾರೆಂದು ಕೇಳಲು ಅಷ್ಟೊತ್ತಿಗೆ ಮೆಕ್ಯಾನಿಕ್ಕು ಮೇಲೆ ಬಂದಿದ್ದ. ಎಂಥ ಎಂಟ್ರಿ ಅಂತೀರಿ. “ಮೊದ್ಲು ಹೆಂಗಿತ್ತೋ ಹಂಗೇ ಮಾಡಪ್ಪ” ಎಂದರು ಟೀಚರಮ್ಮ. ಅವನು ಫ್ರಿಜ್ಜಿನ ಹಿಂದೆ ನುಸುಳಿದ. ಸ್ಕ್ರೂಡ್ರೈವರ್ ಕಿರಕಿರ ಅಂದಿತು.

ಗುಂಯ್...

ಯಜಮಾನರು ಫ್ರಿಜ್ಜಿನ ಮೇಲೆ ಕೈಯಿಟ್ಟು ಕನ್ನಡಕ ತೆಗೆದರು. ಕಣ್ಣು ಒದ್ದೆಯಾಗಿತ್ತು. “ಅಮ್ಮ, ಇದನ್ನ ಬೇರೆ ಕಂಪನಿಯವ್ರು ಯಾರೂ ಬಂದು ಕೇಳಿಲ್ಲ ತಾನೆ?” ಎಂದು ಮೆಲ್ಲಗೆ ವಿಚಾರಿಸಿದರು.

ಅಲ್ಲೇ ಒಪ್ಪಂದವಾಯಿತು. ಕಲಾವಿದರ ಜಾಗದಲ್ಲಿ ಫ್ರಿಜ್ಜು, ಪೋಷಕರ ಜಾಗದಲ್ಲಿ ಟೀಚರಮ್ಮನ ಸಹಿ, ತಂತ್ರಜ್ಞನಾಗಿ ಮೆಕ್ಯಾನಿಕ್ಕು.

“ಸಾರ್, ನಾನು?” ಎಂದ ಕೂದ್ಲು.

ಯಜಮಾನರು ಅವನನ್ನು ಮೇಲಿಂದ ಕೆಳಗೆ ಅಳೆದು, “ಒಳ್ಳೆ ಎತ್ತರ ಇದೀರ. ಹೊರೋಕೂ ಒಬ್ರು ಬೇಕಲ್ಲ” ಎಂದರು.

ಹೀಗೆ ಕೂದ್ಲು ಹತ್ತು ಊರಿನ ಟೂರಿಗೆ ಹೊರಟ. ಪ್ರತಿ ಊರಲ್ಲೂ ಫ್ರಿಜ್ಜು ಹೊತ್ತು ಸ್ಟೇಜ್ ಹತ್ತಿಸುತ್ತಾನೆ. ಪಲ್ಲವಿ ಬಂದಾಗ ಬಾಗಿಲು ತೆಗೆಯುತ್ತಾನೆ, ಜನ ಹುಚ್ಚೆದ್ದು ಕೂಗುತ್ತಾರೆ. ಎರಡನೇ ಊರಲ್ಲಿ ಕೂದಲು ಫ್ರಿಜ್ಜಿನ ಬಾಗಿಲಿಗೆ ಸಿಕ್ಕಿ, ಕತ್ತರಿಸಿಯೇ ಬಿಡಿಸಬೇಕಾಯಿತು. ಸುದ್ದಿ ತಿಳಿದು ಭಾವ ಫೋನ್ ಮಾಡಿದರು. “ಕೂದ್ಲೂ ಹೋಯ್ತಂತೆ. ಭಾರ ಹೊರೋದೇ ಆಗಿದ್ರೆ ನಮ್ಮಂಗ್ಡೀಲೇ ಟೈಲ್ಸ್ ಹೊರಬಹುದಿತ್ತಲ್ಲಪ್ಪ.”

ಕತೆ ಮುಗಿಯಿತು. ಆದರೆ ನಿಮ್ಮಲ್ಲಿ ಯಾರೋ ಒಬ್ಬರು ಹುಬ್ಬು ಗಂಟಿಕ್ಕಿ ಕೂತಿದ್ದೀರಿ, ನನಗೆ ಕಾಣಿಸುತ್ತಿದೆ. ಇಡೀ ಕಟ್ಟಡದ ಕರೆಂಟು ಹೋಗಿದ್ದಾಗ ಫ್ರಿಜ್ಜು ಹೇಗೆ ಗುಂಯ್ ಅಂದಿತು ಅಂತ ತಾನೆ?

ಸರಿ, ಸಿಕ್ಕಿಬಿದ್ದೆ. ಫ್ರಿಜ್ಜು ಅನ್ನಲಿಲ್ಲ ಸ್ವಾಮಿ. ಅಂದದ್ದು ಮೆಕ್ಯಾನಿಕ್ಕು, ಅಂದರೆ ನಾನು. ಹಿಂದೆ ನುಸುಳಿದವನಿಗೆ ಏನು ಮಾಡುವುದೆಂದು ತೋಚದೆ, ಬಾಯಿ ಮುಚ್ಚಿ ಗಂಟಲಲ್ಲೇ ಗುಂಯ್ ಅಂದೆ. ಈಗಲೂ ಎಲ್ಲ ಊರಲ್ಲೂ ಫ್ರಿಜ್ಜಿನ ಹಿಂದೆ ಕುಕ್ಕರುಗಾಲಲ್ಲಿ ಕೂತು ಅನ್ನುತ್ತಿರುವವನು ನಾನೇ. ಪ್ಲಗ್ಗು ಎಲ್ಲೂ ಸಿಕ್ಕಿಸಿಲ್ಲ. ಆವತ್ತು ಕೂದ್ಲು ತಾನೇ ತುಟಿ ಬಿಗಿದು ಒಂದು ಸಲ ಗುಂಯ್ ಅಂದಿದ್ದರೆ ಆಲ್ಬಮ್ಮು ಅವನದಾಗುತ್ತಿತ್ತು. ಇದನ್ನು ಅವನಿಗೆ ಇನ್ನೂ ಹೇಳಿಲ್ಲ, ನೀವೂ ಹೇಳಬೇಡಿ. ಗೊತ್ತಾದರೆ ಅವನು ಗುಂಯ್ ಅನ್ನುತ್ತ ಕೂರುತ್ತಾನೆ, ಫ್ರಿಜ್ಜು ಹೊರುವುದು ನನ್ನ ಪಾಲಿಗೆ ಬರುತ್ತದೆ, ನನಗೋ ಬೆನ್ನುನೋವು.

ಮೀಸೆಯ ಮಾತಿಗೆ ತಪ್ಪುವವನು ನಾನಲ್ಲ. ಅರ್ಧವಲ್ಲ, ಪೂರ್ತಿಯೇ ಬೋಳಿಸಿ ಆಗಿದೆ. ಗುಂಯ್ ಅನ್ನುವಾಗ ಮೂಗಿಗೆ ಕಚಗುಳಿ ಇಡುತ್ತಿತ್ತು.