ಕಾಂಬೊ ಮಾರಿದ ತಿಂಗಳು

ಇಂಟರ್ನೆಟ್ಟು, ಟಿ.ವಿ., ಫೋನು ಮೂರನ್ನೂ ಒಂದೇ ತಂತಿಗೆ ಕಟ್ಟಿ ಮಾರುವವರಿಗೆ ನಗುವಿನ ಕೊರತೆಯಿಲ್ಲ. ಬಾಗಿಲು ತಟ್ಟಿದರೆ ಸಾಕು, ಒಳಗಿಂದ ಒಂದಲ್ಲ ಒಂದು ಎದ್ದು ಬರುತ್ತದೆ. ಎರಡು ವರ್ಷ ನಾನು ಬೀದರ್ ಆಫೀಸಿನೊಳಗೆ ಕೂತು ಗಿರಾಕಿಗಳ ದೂರು ಕೇಳಿದವಳು. ಬೆಳಿಗ್ಗೆಯಿಂದ ಸಂಜೆಯವರೆಗೆ ಬೈಗುಳವೇ ಊಟ. ಹೊರಗೆ ತಿರುಗುವ ಕೆಲಸ ಕೊಡಿ ಎಂದು ಮ್ಯಾನೇಜರಿಗೆ ಗಂಟುಬಿದ್ದೆ.

"ಒಂದು ತಿಂಗಳು ನೋಡ್ತೇನಿ. ಹತ್ತು ಫಾರ್ಮ್ ತುಂಬಿಸಿದ್ರ ಫೀಲ್ಡು. ಒಂಬತ್ತಾದ್ರ ವಾಪಸ್ ಫೋನಿಗಿ" ಎಂದರು.

ಏನೇ ಆಗಲಿ, ಆ ಫೋನಿನ ಮುಂದೆ ಮತ್ತೆ ಕೂರುವುದಿಲ್ಲ ಎಂದು ಹಠ ತೊಟ್ಟು ಸ್ಕೂಟಿ ಹತ್ತಿದೆ.

ಖಾನಾವಳಿಯ ಕಾಯ್ದೆ

ಮ್ಯಾನೇಜರು ಕೆಲವು ಮಾತು ಬಾಯಿಪಾಠ ಮಾಡಿಸಿದ್ದರು. 'ಅನ್‌ಲಿಮಿಟೆಡ್' ಎಂಬುದನ್ನು ಗಟ್ಟಿಯಾಗಿ ಹೇಳಬೇಕು. ಇಷ್ಟು ಬಳಸಿದ ಮೇಲೆ ವೇಗ ಇಳಿಯುತ್ತದೆ ಎಂಬುದನ್ನು ಕೆಮ್ಮುತ್ತಾ ಹೇಳಬೇಕು. ಬೀದರಿನ ಒಬ್ಬ ಖಾನಾವಳಿ ಮಾಲೀಕನ ಮುಂದೆ ನನಗೆ ಕೆಮ್ಮು ಬರಲಿಲ್ಲ. ಇದ್ದದ್ದನ್ನು ಇದ್ದ ಹಾಗೇ ಹೇಳಿಬಿಟ್ಟೆ.

"ಅಂದ್ರ ಬಂದ್ ಆಗಂಗಿಲ್ಲ, ನಿಧಾನ ಆಗ್ತದ?"

"ಹೌದ್ರಿ."

ಇನ್ನೇನು ಬೈಗುಳ ಶುರು ಎಂದು ತಲೆ ತಗ್ಗಿಸಿದೆ. ಅವನು ಗೋಡೆಯ ಬೋರ್ಡಿಗೆ ಕೈ ತೋರಿಸಿದ: 'ಅನ್‌ಲಿಮಿಟೆಡ್ ಊಟ'.

"ನಂದೂ ಅದೇ ಕಾಯ್ದಾ ಅದ ತಂಗಿ. ನಾಕು ರೊಟ್ಟಿ ಆದ ಮ್ಯಾಲ ಇಲ್ಲ ಅನ್ನಂಗಿಲ್ಲ. ಊಟ ಬಡಸಾಂವಗ ಸಾವಕಾಶ ನಡಿ ಅಂತ ಹೇಳೇನಿ. ತಾ ಇಲ್ಲಿ ಫಾರ್ಮು. ನಿಮ್ಮ ಸಾಹೇಬ ಮೊದಲ ಖಾನಾವಳಿ ನಡಸ್ತಿದ್ನೇನು?"

ಫ್ಯಾಮಿಲಿ ಪ್ಯಾಕ್

ಭಾಲ್ಕಿ ಪೇಟೆಯಲ್ಲಿ ಓಡಾಡಿ ಇನ್ನೂ ಏಳು ಫಾರ್ಮು ಕೂಡಿಸಿದೆ, ಒಟ್ಟು ಎಂಟಾಯಿತು. ಒಂಬತ್ತನೆಯದಕ್ಕೆ ಗಡಿಯಂಚಿನ ಮೆಹಕರಕ್ಕೆ ಹೋದೆ. ಮನೆಯ ಯಜಮಾನ ಪುಸ್ತಿಕೆಯಲ್ಲಿ 'ಫ್ಯಾಮಿಲಿ ಪ್ಯಾಕ್' ಎಂಬುದರ ಮೇಲೆ ಬೆರಳಿಟ್ಟು, "ಗಡಿ ಆಚಿಗಿ ನಮ್ಮ ಮಗಳ ಮನಿ ಅದ. ಅಲ್ಲೂ ನಡೀತದೇನ್ರಿ?" ಎಂದ.

"ಇಲ್ಲರಿ, ಈ ಮನಿಯಾಗಿನ ಮಂದಿಗಷ್ಟೇ."

"ಹಂಗಂದ್ರ ಅಳಿಯ ಫ್ಯಾಮಿಲಿ ಅಲ್ಲೇನ್ರಿ?"

ಅಳಿಯ ಅಲ್ಲೇ ಮಂಚದ ಮೇಲೆ ಕೂತು ಚಹಾ ಕುಡಿಯುತ್ತಿದ್ದ. ಬಟ್ಟಲು ಕೆಳಗಿಟ್ಟು ನನ್ನನ್ನೇ ನೋಡಿದ. ಅಲ್ಲ ಎಂದರೆ ಅಳಿಯನಿಗೆ ಅವಮಾನ, ಹೌದು ಎಂದರೆ ಕಂಪನಿಗೆ ಸುಳ್ಳು. ನಾನೂ ಬಿಡುವವಳಲ್ಲ. "ಅಳಿಯಂದಿರು ಫ್ಯಾಮಿಲಿನೇರಿ. ಈ ಮನಿಯಾಗ ಇರೋತನಕ ಎಲ್ಲಾ ಅವರಿಗಿ ಫ್ರೀ" ಎಂದೆ. ಫಾರ್ಮಿಗೆ ಸಹಿ ಬಿತ್ತು.

ತಂತಿ ಎಳೆದು ವಾರವೆರಡಾದ ಮೇಲೆ ಯಜಮಾನನ ಫೋನು ಬಂತು. ಮೆಲ್ಲನೆಯ ದನಿ. "ಮೇಡಂ, ಅಳಿಯ ಇನ್ನೂ ಇಲ್ಲೇ ಅದಾನ. ಯಾವ ಪ್ಯಾಕ್ ಹಾಕಿದ್ರ ಹೊಳ್ಳಿ ಹೋಗ್ತಾನ್ರಿ?"

ಹತ್ತನೆಯದು

ತಿಂಗಳ ಕೊನೆಯ ದಿನ. ಒಂಬತ್ತು ಫಾರ್ಮು ಚೀಲದಲ್ಲಿ, ಹತ್ತನೆಯದು ಖಾಲಿ. ಔರಾದ ಕಡೆ ಠಾಣಾ ಕುಶನೂರಿನಲ್ಲಿ ಮೂವರು ಅಣ್ಣತಮ್ಮಂದಿರು ಕಾಂಬೊ ಕೇಳಿದ್ದಾರೆಂದು ತಿಳಿದು ಓಡಿದೆ. ಈಚೆಗೆ ಬೇರೆಯಾದವರು. ಒಂದೇ ಅಂಗಳ, ಮೂರು ಬಾಗಿಲು. ಮೂವರೂ ಕೂಡಿ ಒಂದೇ ಕನೆಕ್ಷನ್ ತಗೊಳ್ಳುವುದೆಂದು ಒಪ್ಪಿದ್ದರು. ಆದರೆ ಮನೆಯ ಕಲ್ಲುಗೋಡೆ ಮೊಳ ದಪ್ಪ, ಸಿಗ್ನಲ್ಲು ದಾಟದು. ವೈಫೈ ಡಬ್ಬಿ ಇದ್ದ ಮನೆಯಲ್ಲಿ ಮಾತ್ರ ನೆಟ್ಟು, ಟಿ.ವಿ., ಫೋನು ಎಲ್ಲ.

"ನಮ್ಮ ಮನಿಯಾಗ ಇಡ್ರಿ." "ಯಾಕ? ನಮ್ಮ ಮನಿಯಾಗ ಇಡ್ರಿ." ಗಂಟೆ ಕಳೆಯಿತು, ಸಹಿ ಮಾಡುವವರಿಲ್ಲ. ನನ್ನ ಕಿವಿಯಲ್ಲಿ ಆಫೀಸಿನ ಫೋನು ಬಡಿದುಕೊಳ್ಳತೊಡಗಿತು.

ಅವರ ತಾಯಿ, ಎಲ್ಲರ ಬಾಯಲ್ಲೂ ಆಯಿ, ಅಂಗಳದಲ್ಲಿ ಮೊರ ಹಿಡಿದು ತೊಗರಿ ಹಸನು ಮಾಡುತ್ತಿದ್ದಳು. ಪಕ್ಕದಲ್ಲೇ ಅವಳ ಟ್ರಂಕು. ತಿಂಗಳಿಗೊಬ್ಬ ಮಗನ ಮನೆಯಲ್ಲಿ ಅವಳ ಪಾಳಿ. ನಾಳೆಯಿಂದ ನಡುವಿನವನದು. ಅವನು ಬೆಳಿಗ್ಗೆಯೇ ಹೇಳಿದ್ದನಂತೆ: "ಬೀಗರು ಬರ್ತಾರ, ಎಂಟು ದಿನ ಅಣ್ಣನ ಬಲ್ಲೇ ಇರವ್ವ." ಅಣ್ಣನೋ, ತನ್ನ ಪಾಳಿ ಮುಗಿಯಿತೆಂದು ಟ್ರಂಕು ಹೊರಗಿಟ್ಟಿದ್ದ.

ಆಯಿ ನನ್ನ ಕಡೆ ತಿರುಗಿದಳು. "ತಂಗಿ, ನನಗ ಫಕ್ತ ಫೋನ್ ಸಾಕು. ಅದೊಂದೇ ಕೊಡ್ತಿ?"

"ಬರಂಗಿಲ್ಲ ಆಯಿ. ಇದು ಕಾಂಬೊ. ಒಂದು ಬೇಕಂದ್ರ ಎಲ್ಲಾ ತಗೋಬೇಕು. ಬಿಡಿ ಬಿಡಿ ಕೊಡಂಗಿಲ್ಲ."

"ಛಲೋ ಕಾಯ್ದಾ ಅದ." ಆಯಿ ಮೊರ ಪಕ್ಕಕ್ಕಿಟ್ಟಳು. "ಫಾರ್ಮು ನನ್ನ ಹೆಸರ ಮ್ಯಾಲ ಬರಿ."

ಆಮೇಲೆ ಮಕ್ಕಳನ್ನು ಕರೆದಳು. "ಕೇಳ್ರಿ. ನೆಟ್ಟು, ಟಿ.ವಿ., ಫೋನು, ನಾನು, ನಾಕೂ ಕೂಡಿ ಕಾಂಬೊ. ನಾ ಇದ್ದ ಮನಿಯಾಗ ಡಬ್ಬಿ. ಬಿಡಿ ಕೊಡಂಗಿಲ್ಲ. ನಾಳಿ ಯಾರ ಮನಿಗಿ ಬರ್ಲಿ?"

ಮರುಕ್ಷಣ ಮೂವರೂ ಟ್ರಂಕಿಗೆ ಕೈ ಹಾಕಿದರು. ನಡುವಿನವನು ಎಲ್ಲರಿಗಿಂತ ಗಟ್ಟಿಯಾಗಿ ಹಿಡಿದು, "ಪಾಳಿ ನಂದು! ಬೀಗರಿಗಿ ಬರಬ್ಯಾಡ್ರಿ ಅಂತ ಹೇಳ್ತೇನಿ. ನಡಿಯವ್ವ" ಎಂದ.

ನಾನು ನಗು ತಡೆದು ಫಾರ್ಮು ಮುಂದಿಟ್ಟೆ. ಆಯಿ ಪೆನ್ನು ಹಿಡಿದು ತಡೆದಳು. "ತಂಗಿ, ಭಾಳ ಅಂದ್ರ ಎಷ್ಟು ವರ್ಷದ್ದು ಅದ ಇದು?"

"ಮೂರು ವರ್ಷದ್ದು ಅದ, ಆಯಿ."

"ಅದನ್ನೇ ಬರಿ" ಎಂದು ಆಯಿ ಸಹಿ ಮಾಡಿದಳು. "ಅಲ್ಲಿತನಕ ನಾ ಸಾಯಂಗಿಲ್ಲ."