ಬೀಗರ ತಂಬಿಗೆ ಪಾಡ್‌ಕಾಸ್ಟ್

ಕೇಳಲಿಕ್ಕೆ ಒಳ್ಳೆಯ ಪಾಡ್‌ಕಾಸ್ಟ್ ಯಾವುದು ಎಂದು ಊರಲ್ಲಿ ಯಾರನ್ನಾದರೂ ವಿಚಾರಿಸಿ, ನಮ್ಮ ಬೀಗರನ್ನು ಮಾತ್ರ ವಿಚಾರಿಸಬೇಡಿ. ವಿಚಾರಿಸಿದಿರೋ, ನಿಮ್ಮ ಆ ದಿನ ಹೋಯಿತು, ಮರುದಿನವೂ ಹೋಯಿತು. ಅವರು ಮೊದಲು ನಿಮ್ಮ ಮುಖ ನೋಡುತ್ತಾರೆ, ಆಮೇಲೆ ಕಿವಿ ನೋಡುತ್ತಾರೆ, ನಾಡಿ ಹಿಡಿದ ವೈದ್ಯರಂತೆ ಒಂದು ಗಳಿಗೆ ಕಣ್ಣು ಮುಚ್ಚುತ್ತಾರೆ. "ನಿಮಗ ಬಾವಿ ತಗಿಯೋರದ್ದು ಹತ್ತತೈತ್ರಿ" ಎನ್ನುತ್ತಾರೆ. ಬಾವಿ ತೆಗೆಯುವವರ ಕಥೆ ನಿಮಗೇ ಯಾಕೆ ಹೊಂದಬೇಕು? ಅದನ್ನು ಕೇಳುವ ಹಾಗಿಲ್ಲ. ಅಷ್ಟರಲ್ಲಿ ನಿಮ್ಮ ಬಲಗಿವಿಯೊಳಗೆ ಫೋನು ಕೇಳುವ ಒಂದು ಬಿಳಿ ಗುಂಡಿ ಸಿಕ್ಕಿಸಿ ಆಗಿರುತ್ತದೆ.

ಬೀಗರೆಂದರೆ ನನ್ನ ಮಗಳ ಮಾವ. ನಾವು ಅಂಕಲಿಯವರು, ಅವರು ಅಥಣಿ ಕಡೆಯ ಅನಂತಪುರದವರು. ಒಂದಿಷ್ಟು ದ್ರಾಕ್ಷಿ ತೋಟ, ಒಣದ್ರಾಕ್ಷಿ ಮಾಡುವ ಒಂದು ಶೆಡ್ಡು, ಎರಡು ಎಮ್ಮೆ, ಒಂದು ಫೋನು, ಇಷ್ಟು ಅವರ ಸಂಸಾರ. ಇದರಲ್ಲಿ ಯಾವುದಕ್ಕೆ ಮೊದಲ ಮಣೆ ಎಂದು ಬೀಗತಿಯನ್ನು ಕೇಳಿದರೆ ಆಕೆ ಹಣೆ ಹಣೆ ಬಡಿದುಕೊಳ್ಳುತ್ತಾಳೆ. ಎರಡೂ ಮನೆಗೆ ಸೇರಿ ಒಬ್ಬಳೇ ಮೊಮ್ಮಗಳು. ಈಗ ನಾನು ಹೇಳಹೊರಟಿರುವ ಕಾಲಕ್ಕೆ ಆಕೆಗೆ ಮೂರು ತುಂಬಲು ಬಂದಿತ್ತು, ಮಾತು ಮಾತ್ರ ಬಂದಿರಲಿಲ್ಲ. ನಗುತ್ತಿದ್ದಳು, ಅಳುತ್ತಿದ್ದಳು, ಕೈ ಹಿಡಿದು ಎಳೆದೊಯ್ದು ಎಮ್ಮೆ ತೋರಿಸುತ್ತಿದ್ದಳು. ನಮ್ಮ ಕಡೆ ಅಜ್ಜನಿಗೆ 'ಮುತ್ಯಾ', ಅಜ್ಜಿಗೆ 'ಆಯಿ'; ಆ 'ಆಯಿ' ಎನ್ನುವ ಎರಡಕ್ಷರ ಆ ಬಾಯಿಂದ ಕೇಳಲಿಕ್ಕೆ ನಾನು ಕಾಯುತ್ತಿದ್ದೆ. ಮುಂದೆ ನಾನು ಎಷ್ಟೇ ನಗಿಸಿದರೂ ನೀವು ಇದನ್ನು ಮರೆಯಬೇಡಿ, ನಾವಂತೂ ಒಂದು ದಿನವೂ ಮರೆತಿರಲಿಲ್ಲ.

ನಾನು ಶಾಲೆಯ ಮೆಟ್ಟಿಲು ಹತ್ತಿದ್ದು ನಾಲ್ಕನೇ ಇಯತ್ತೆ ತನಕ. ಪಾಡ್‌ಕಾಸ್ಟ್ ಎಂಬ ಪದ ಮೊದಲು ಕಿವಿಗೆ ಬಿದ್ದದ್ದು ಅವರು ನನ್ನ ಮಗಳನ್ನು ನೋಡಲು ಬಂದ ದಿನ. ಹೆಣ್ಣು ನೋಡಲು ಬಂದ ಹಿರಿಯರು ಏನು ಕೇಳುತ್ತಾರೆ? ಎಷ್ಟು ಓದಿದಿ, ರೊಟ್ಟಿ ಬಡೀತಿಯೇನು, ಅಷ್ಟೇ. ಇವರು ಬೆಲ್ಲ ನೀರು ಕುಡಿದು, ಮೀಸೆ ಒರೆಸಿಕೊಂಡು, "ಯವ್ವಾ, ಕೆಲಸಾ ಮಾಡೂಮುಂದ ಕಿವ್ಯಾಗ ಏನ ಹಾಕ್ಕೊಂಡಿರತಿ?" ಎಂದರು.

ಮಗಳು ತಲೆ ತಗ್ಗಿಸಿಯೇ ಹೇಳಿದಳು: "ಏನೂ ಇಲ್ರಿ. ಅವ್ವ ಬೈಯ್ಯೂದ ಕೇಳಕೋತ ಮಾಡತೀನ್ರಿ."

"ಅದೂ ದಿನಾ ಬರೂ ಕಾರ್ಯಕ್ರಮನ. ಹೆಣ್ಣ ನಮಗ ಪಸಂದ್ ಐತ್ರಿ" ಎಂದು ಅವರು ಎಲೆ ಅಡಿಕೆಗೆ ಕೈ ಚಾಚಿದರು.

ಬೀಗರ ಲೆಕ್ಕದಲ್ಲಿ ಗಂಟೆ, ನಿಮಿಷ ಇಲ್ಲ. ಯಾವ ಕಂತು ಎಷ್ಟು ಉದ್ದ ಎಂದರೆ, "ಇದ ಹತ್ತ ರೊಟ್ಟಿದು", "ಇದ ಎರಡ ಎಮ್ಮಿ ಹಿಂಡೂತನಕ", "ಇದ ಹಾರೂಗೇರಿ ಬಸ್ಸಿನಷ್ಟ" ಎಂದು ಹೇಳುತ್ತಾರೆ. ನಮ್ಮ ಮನೆಯವರಿಗೆ ಅಂಕಲಿಯಿಂದ ಚಿಕ್ಕೋಡಿ ಅಳತೆಯ ಒಂದು ಕಂತು ಕೊಟ್ಟಿದ್ದರು, ಅದೇ ಬಾವಿ ತೆಗೆಯುವವರದ್ದು. ಬೆಳಿಗ್ಗೆ ಬೀಜ ತರಲು ಚಿಕ್ಕೋಡಿಗೆ ಹೋದ ಮನುಷ್ಯ ಮಧ್ಯಾಹ್ನ ನಿಪ್ಪಾಣಿಯಿಂದ ಫೋನು ಮಾಡಿದರು.

"ಅಲ್ಲಿಗ್ಯಾಕ ಹೋದ್ರಿ?" ಎಂದೆ.

"ಚಿಕ್ಕೋಡಿ ಬಂದಾಗ ಆ ಮನಷ್ಯಾ ಇನ್ನಾ ಬಾವ್ಯಾಗ ಸಿಕ್ಕೊಂಡಿದ್ದ. ಅವನ್ನ ಅಲ್ಲೇ ಬಿಟ್ಟ ನಾ ಹೆಂಗ ಇಳೀಲಿ?"

ಬೀಗರಿಗೆ ದೂರು ಹೇಳಿದರೆ ಅವರದು ಒಂದೇ ಮಾತು: "ಡ್ರೈವರ್ ಜೋರ ಹೊಡದಾನ್ರಿ. ಕಂತಿಂದೇನ ತಪ್ಪಿಲ್ಲ."

ಎಮ್ಮೆಗಳನ್ನೂ ಬಿಟ್ಟವರಲ್ಲ. ಅವುಗಳಲ್ಲಿ ಒಂದನ್ನು ಗಡಿಯಾಚೆಯ ಸಂತೆಯಿಂದ ತಂದದ್ದು. "ಇದಕ್ಕ ಕನ್ನಡದ್ದ ಹಚ್ಚಿದ್ರ ಕಾಲ ಝಾಡಸತೈತ್ರಿ ಬೀಗತ್ಯಾರ. ಮರಾಠಿದ ಹಚ್ಚಿದ್ರ ಗಪ್ ನಿಂದರತೈತಿ. ತವರಮನಿ ಮಾತ ನೋಡ್ರಿ" ಎಂದು ಗಂಭೀರವಾಗಿ ಹೇಳಿದರು.

"ಹಂಗಾದ್ರ ಗಡಿಮ್ಯಾಗಿನ ಕಾಗವಾಡದಾಗ ಒಂದ ಕೊಳ್ಳಬೇಕಿತ್ತರಿ, ಎರಡೂ ಭಾಷಾ ಬರತಿದ್ದೂ" ಎಂದೆ ನಾನು, ಚೇಷ್ಟೆಗೆ. ಅವರು ನಗಲಿಲ್ಲ. ಕಿಸೆಯಿಂದ ಚೀಟಿ ತೆಗೆದು ಬರೆದುಕೊಂಡರು.

ಶೆಡ್ಡಿನ ಕಥೆಯೇ ಬೇರೆ. ದ್ರಾಕ್ಷಿ ಒಣಗಿದ ಮೇಲೆ ಹೆಣ್ಣುಮಕ್ಕಳು ಸಾಲಾಗಿ ಕುಳಿತು ತೊಟ್ಟು ಬಿಡಿಸಿ, ಕಪ್ಪು ಬೇರೆ, ಹಸಿರು ಬೇರೆ ಆರಿಸುತ್ತಾರೆ. ಅವರಿಗೆ ಬೇಸರವಾಗಬಾರದೆಂದು ಬೀಗರು ದೊಡ್ಡ ಸ್ಪೀಕರಿಗೆ ಒಂದು ಖೂನಿ ತನಿಖೆಯ ಪಾಡ್‌ಕಾಸ್ಟ್ ಹಚ್ಚಿದರು. ಖೂನಿ ಮಾಡಿದವನು ಬಾಗಿಲ ಹಿಂದೆ ನಿಂತಿದ್ದಾನೆ ಎನ್ನುವಾಗ ಕೈಗಳು ಬುಟ್ಟಿಗೆ ಹೋಗುವ ಬದಲು ತಂತಾನೇ ಬಾಯಿಗೆ ಹೋದವು. ಅವನು ಸಿಕ್ಕಿಬೀಳುವಷ್ಟರಲ್ಲಿ ಒಂದು ಬುಟ್ಟಿ ಖಾಲಿ. ಮರುದಿನ ಬೀಗರು ಉಪಾಯವಾಗಿ ಸಕ್ಕರೆ ಬೇನೆಯ ಬಗ್ಗೆ ಡಾಕ್ಟರರು ಮಾತಾಡುವುದನ್ನು ಹಚ್ಚಿದರು. ಒಬ್ಬರೂ ಒಂದು ಕಾಳು ಮುಟ್ಟಲಿಲ್ಲ, ಒಬ್ಬರ ಮುಖದಲ್ಲೂ ಕಳೆ ಇಲ್ಲ. ಕೆಲಸ ಬಿಡುವ ಹೊತ್ತಿಗೆ ಅವರಲ್ಲಿ ಹಿರಿಯಳು ಬಂದು ನಿಂತಳು. "ಸಾವಕಾರ್ರ, ನಾಳಿಂದ ಖೂನಿದನ ಹಚ್ಚರಿ. ಅದರಾಗ ಸಾಯಾಂವ ಬ್ಯಾರೆ ಯಾಂವರ ಇರತಾನ."

ಸುಳ್ಳು ಯಾಕೆ ಹೇಳಲಿ, ಬೀಗರು ಹೇಳಿದ್ದರಲ್ಲಿ ಒಳ್ಳೆಯವೂ ಇದ್ದವು. ಅಡುಗೆಮನೆಯ ಒಂದೊಂದೇ ಸಾಮಾನಿನ ಹುಟ್ಟೂರು ಹೇಳುವ ಹೆಣ್ಣುಮಗಳೊಬ್ಬಳದ್ದು ನನಗೆ ಭಾಳ ಹಿಡಿಸಿತು. ಮೆಣಸಿನಕಾಯಿ ನಮ್ಮದಲ್ಲ, ಸಮುದ್ರದಾಚೆಯಿಂದ ಬಂದದ್ದು ಎಂದು ಆಕೆ ಹೇಳಿದ ದಿನ ನನಗೆ ಕೆಂಪು ಚಟ್ನಿಯ ಮುಖ ನೋಡಲಾಗಲಿಲ್ಲ. ಇಷ್ಟು ವರ್ಷ ಮನೆಮಗಳೆಂದು ತಿಳಿದಿದ್ದೆ.

ಮೊಮ್ಮಗಳಿಗೆ ಮೂರು ತುಂಬಿದ ದಿನ ನಾವು ಅನಂತಪುರಕ್ಕೆ ಹೋದೆವು. ಆರತಿ ಆಯಿತು, ಸಜ್ಜಕದ ಸಿಹಿ ಊಟ ಆಯಿತು. ಎಲ್ಲರೂ ಕೂಸಿನ ಬಾಯನ್ನೇ ನೋಡುತ್ತಿದ್ದೆವು. ಬೀಗರು ಫೋನು ತೆಗೆದು, "ಮಾತ ತಡಾ ಆದ ಮಕ್ಕಳ ಬಗ್ಗೆ ಒಂದ ಐತ್ರಿ, ಭಾಳ ಛಲೋ…" ಎಂದು ಶುರು ಮಾಡಿದರು. ನನಗೆ ಏನಾಯಿತೋ.

"ಸಾಕ ಮಾಡ್ರಿ ಬೀಗರ" ಎಂದೆ. "ಮನಿ ತುಂಬ ನಿಮ್ಮದು, ನಿಮ್ಮ ಫೋನಿಂದು ಮಾತ. ಕೂಸಿಗಿ ಮಾತಾಡಾಕ ಜಾಗಾ ಎಲ್ಲಿ ಬಿಟ್ಟೀರಿ?"

ಹೆಣ್ಣು ಕೊಟ್ಟವರು ಗಂಡಿನ ಮನೆಯಲ್ಲಿ ನಿಂತು ಆಡುವ ಮಾತಲ್ಲ ಅದು. ನಮ್ಮ ಮನೆಯವರು ನೆಲ ನೋಡಿದರು. ಬೀಗರು ಕಿವಿಯ ಗುಂಡಿ ತೆಗೆದು, ಧೋತರದ ಚುಂಗಿನಿಂದ ಒರೆಸಿ, ಕಿಸೆಗೆ ಇಟ್ಟುಕೊಂಡರು. ಆ ಗುಂಡಿ ಅವರ ಕಿವಿ ಬಿಟ್ಟದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮುಂದಿನ ವಾರ ಕೂಸನ್ನು ದೊಡ್ಡ ಡಾಕ್ಟರರಿಗೆ ತೋರಿಸಿದೆವು. ಕಿವಿ ಚಂದ ಕೇಳುತ್ತವೆ, ಇದು ಯಾರ ತಪ್ಪೂ ಅಲ್ಲ, ಕೆಲವು ಮಕ್ಕಳಿಗೆ ತಡ ಆಗುತ್ತದೆ ಎಂದರು ಆಕೆ. ಯಾರ ತಪ್ಪೂ ಅಲ್ಲ ಎಂದಾಗ ನಾನು ಬೀಗರ ಕಡೆ ನೋಡಲಿಲ್ಲ. ವಾರಕ್ಕೊಮ್ಮೆ ಮಾತು ಕಲಿಸುವವರ ಹತ್ತಿರ ಕರೆತರಬೇಕು, ಕೂಸಿನ ಮುಂದೆ ಫೋನು ಬೇಡ, ಮುಖಕ್ಕೆ ಮುಖ ಕೊಟ್ಟು ಮಾತಾಡಬೇಕು. "ಒಂದು ಮಾತು ಆಡಿ, ಸುಮ್ಮನಾಗಿ. ಅವಳ ಸರದಿ ಅದು. ಕಾಯಿರಿ" ಎಂದರು. ಕಾಯುವುದಂತೆ, ಅದೂ ನಮ್ಮ ಬೀಗರು!

ತಿಂಗಳು ಕಳೆದು, ತಪ್ಪಾಯಿತು ಎಂದು ಹೇಳುವ ಮನಸ್ಸು ಮಾಡಿಕೊಂಡು ಒಬ್ಬಳೇ ಅನಂತಪುರಕ್ಕೆ ಹೋದೆ. ಮನೆಯಲ್ಲಿ ಸದ್ದೇ ಇಲ್ಲ. ಸ್ಪೀಕರಿಗೆ ಗೋಣಿಚೀಲ ಹೊದಿಸಿದ್ದರು. ಫೋನು ಎಲ್ಲಿ ಎಂದರೆ, ಜೋಳದ ಡಬ್ಬಿಯೊಳಗೆ ಎಂದಳು ಬೀಗತಿ. ಹಿತ್ತಲಲ್ಲಿ ಕೂಸನ್ನು ಎದುರಿಗೆ ಕೂಡ್ರಿಸಿಕೊಂಡು ಬೀಗರು ಖಾಲಿ ಹಿತ್ತಾಳೆ ತಂಬಿಗೆಯ ಬಾಯಿಗೆ ಬಾಯಿ ಹಚ್ಚಿದ್ದರು. ಮಾತು ಗುಂಯ್ ಎಂದು ಬರುತ್ತಿತ್ತು.

"ನಮಸ್ಕಾರ್ರಿ. ನಾ ನಿಮ್ಮ ಮುತ್ಯಾ. ಇವತ್ತಿನ ಕಂತಿನಾಗ, ಎಮ್ಮಿ ಬಾಲಾ ಯಾಕ ಅಳ್ಳಾಡಸತೈತಿ? ನೀವೇನಂತೀರಿ?"

ತಂಬಿಗೆಯನ್ನು ಕೂಸಿನ ಬಾಯಿಯ ಹತ್ತಿರ ಹಿಡಿದರು. ಕಾದರು. ಕೂಸು ತಂಬಿಗೆಯೊಳಗೆ ಇಣುಕಿತು. ಅವರು ಇನ್ನೂ ಕಾದರು. ತಂಬಿಗೆ ಇಳಿಸಲಿಲ್ಲ. ಆಮೇಲೆ, "ಬರೋಬ್ಬರಿ ಹೇಳಿದ್ರಿ. ನೊಣಾ ಹೊಡಿಯಾಕ" ಎಂದರು. ಅಷ್ಟರಲ್ಲಿ ನನ್ನನ್ನು ಕಂಡು, "ಇವತ್ತ ಅಂಕಲಿಯಿಂದ ಪಾವಣ್ಯಾರ ಬಂದಾರ. ಬರ್ರಿ, ರೊಟ್ಟಿ ಯಾಕ ಉಬ್ಬತೈತಿ ಹೇಳ್ರಿ" ಎಂದು ತಂಬಿಗೆಯನ್ನು ನನ್ನ ಮುಖಕ್ಕೆ ಹಿಡಿದರು. ತಪ್ಪಾಯಿತು ಎನ್ನಲು ಹೋದವಳು ರೊಟ್ಟಿಯ ಬಗ್ಗೆ ಮಾತಾಡಿ ಬಂದೆ.

ದಿನಕ್ಕೊಂದು ಕಂತು, ಒಂದು ದಿನವೂ ತಪ್ಪಲಿಲ್ಲ. ಮಾತು ಕಲಿಸುವವರಿಗೂ ಆ ತಂಬಿಗೆ ಇಷ್ಟವಾಯಿತಂತೆ, ವಾರವಾರ ಅದೂ ಬಸ್ಸು ಹತ್ತಿ ಹೋಗಿಬರುತ್ತಿತ್ತು.

ಈ ಸಲ ಒಣದ್ರಾಕ್ಷಿ ಆರಿಸುವ ಹೊತ್ತಿಗೆ ನಾನು ಅಲ್ಲೇ ಇದ್ದೆ. ಹೆಣ್ಣುಮಕ್ಕಳು ಸಾಲಾಗಿ ಕುಳಿತಿದ್ದರು. ಬೀಗರು ಬುಟ್ಟಿ ಎತ್ತಿಡಲು ಎದ್ದರು, ತಂಬಿಗೆ ನೆಲದ ಮೇಲೆ ಉಳಿಯಿತು. ಕೂಸು ಎರಡೂ ಕೈಯಿಂದ ಅದನ್ನು ಎತ್ತಿ ಬಾಯಿಗೆ ಹಚ್ಚಿಕೊಂಡಿತು.

"ನಮಚ್ಕಾಲ್ಲಿ."

ಆರಿಸುವ ಕೈಗಳೆಲ್ಲ ನಿಂತವು. ತಂಬಿಗೆಯೊಳಗಿಂದ ಇನ್ನೊಂದು ಮಾತು ಗುಂಯ್ ಎಂದು ಬಂತು. "ಮುತ್ಯಾ."

ನನ್ನ 'ಆಯಿ' ಅಲ್ಲ, ನೋಡಿ. ನನಗೆ ಒಂದಿಷ್ಟೂ ಹೊಟ್ಟೆಕಿಚ್ಚು ಆಗಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ನಿಂತೆ. ಈಗ ಯಾರಾದರೂ ನನ್ನನ್ನು ಕೇಳಲು ಒಳ್ಳೆಯ ಪಾಡ್‌ಕಾಸ್ಟ್ ಯಾವುದು ಎಂದರೆ ನಾನು ಹೇಳುವುದು ಅದೊಂದೇ, ಎರಡು ಮಾತಿನದು, ಅನಂತಪುರದ ಶೆಡ್ಡಿನದು.

ಕೂಸು ನಡೆದು ಹೋಗಿ ತಂಬಿಗೆಯನ್ನು ಅವರ ಕಡೆಗೆ ಎತ್ತಿ ಹಿಡಿಯಿತು. ಅವರು ಬುಟ್ಟಿ ಕೆಳಗಿಟ್ಟು ಮಂಡಿಯೂರಿದರು, ಬಾಯಿ ತೆರೆದರು. ಊರಿನ ಕಿವಿಯೆಲ್ಲ ತುಂಬಿಸಿದ ಮನುಷ್ಯನಿಗೆ ಒಂದು ಮಾತೂ ಹೊರಡಲಿಲ್ಲ. ಕಣ್ಣಿನ ನೀರು ಮೀಸೆಗೆ ಇಳಿಯುತ್ತಿತ್ತು.

ಕೂಸು ತಂಬಿಗೆಯನ್ನು ಇಳಿಸಲಿಲ್ಲ. ಎರಡೂ ಪುಟ್ಟ ಕೈಯಿಂದ ಹಿಡಿದೇ ನಿಂತಿತು. ಅವರ ಸರದಿ ಎಂದು ಅದಕ್ಕೆ ಗೊತ್ತಿತ್ತು. ಕಾಯುವುದನ್ನು ಅವರೇ ಕಲಿಸಿದ್ದರು.